ಪ್ರಾರ್ಥನೆಗೆ ಕೂತರೆ ಕುಕ್ಕರ್ ವಿಷಲ್ ಎಣಿಸ್ತೀನಿ

ಪ್ರಶ್ನೆ: ನನಗೆ 39 ವರ್ಷ. ಮನೆ ಲಿಂಗರಾಜಪುರದಲ್ಲಿ. ಯಜಮಾನರು ಪೀಣ್ಯದ ಒಂದು ಕಾರ್ಖಾನೆಯಲ್ಲಿ ಸೂಪರ್‌ವೈಸರ್, ಶಿಫ್ಟ್ ಕೆಲಸ. ನಾನು ವೈಟ್‌ಫೀಲ್ಡ್ ಕಡೆ ಒಂದು ಕಂಪನಿಯ ಅಕೌಂಟ್ಸ್‌ನಲ್ಲಿದ್ದೇನೆ. ಮಗ ಎಂಟನೇ ಕ್ಲಾಸ್, ಮಗಳು ಮೂರನೇ ಕ್ಲಾಸ್. ಜೊತೆಗೆ ಅತ್ತೆ ಇದ್ದಾರೆ. 72 ವರ್ಷ, ಮಂಡಿ ನೋವು, ಶುಗರ್. ಬೆಳಿಗ್ಗೆ ಐದಕ್ಕೆ ಎದ್ದರೆ ಮಲಗುವುದು ರಾತ್ರಿ ಹನ್ನೊಂದೂವರೆ. ಶನಿವಾರ ಸಂಜೆ ಕ್ವಾಯರ್ ಪ್ರಾಕ್ಟೀಸ್. ಭಾನುವಾರ ಸಂಡೇ ಸ್ಕೂಲ್‌ನಲ್ಲಿ ಪಾಠ ಮಾಡ್ತೀನಿ, ಆಮೇಲೆ ಆರಾಧನೆ. ತಿಂಗಳಿಗೆ ಎರಡು ಸಲ ಮಹಿಳಾ ಸಂಘ. ಭಾನುವಾರ ಮಧ್ಯಾಹ್ನ ಊಟಕ್ಕೆ ಯಾರಾದರೂ ಬಂದೇ ಬರುತ್ತಾರೆ. ದಿನಾ ರಾತ್ರಿ ಎಂಟೂವರೆಗೆ ಕುಟುಂಬ ಪ್ರಾರ್ಥನೆ, ಮಾವನ ಕಾಲದಿಂದ ನಡೆದು ಬಂದದ್ದು, ಮುಕ್ಕಾಲು ಗಂಟೆ. ನಾನು ಕಣ್ಣು ಮುಚ್ಚಿಕೊಂಡು ಕುಕ್ಕರ್ ವಿಷಲ್ ಎಣಿಸುತ್ತಿರುತ್ತೇನೆ. ಹೋದ ತಿಂಗಳು ಮಗಳು ಪ್ರಾರ್ಥನೆಯಲ್ಲಿ ತೂಕಡಿಸಿದಳು ಅಂತ ಹೊಡೆದುಬಿಟ್ಟೆ. ಬೈಬಲ್ ತೊಡೆಯ ಮೇಲೇ ಇತ್ತು. ಅವತ್ತಿಂದ ನನ್ನ ಮೇಲೆ ನನಗೇ ಅಸಹ್ಯ. ಸರಳವಾಗಿ, ಅಚ್ಚುಕಟ್ಟಾಗಿ ಮನೆ ನಡೆಸುವ ವಿದೇಶದ ಕ್ರೈಸ್ತ ಗೃಹಿಣಿಯರ ವಿಡಿಯೋ ನೋಡಿ 6,400 ರೂಪಾಯಿ ಕೊಟ್ಟು ಡಬ್ಬಿಗಳು, ಲೇಬಲ್, ಪ್ಲಾನರ್ ತರಿಸಿದೆ. ಮೂರು ವಾರ ನಡೀತು. ನನ್ನ ಭಕ್ತಿ ಕಡಿಮೆಯಾಗಿದೆಯಾ? ಕೆಲಸ ಬಿಡಬೇಕಾ? ಬೈಬಲ್‌ನ ಜ್ಞಾನೋಕ್ತಿ 31ರ ಗುಣವತಿಯ ಹಾಗೆ ಮನೆ ನಡೆಸೋಕೆ ನನಗೆ ಮಾತ್ರ ಯಾಕೆ ಆಗ್ತಿಲ್ಲ?

ಉತ್ತರ: ತಂಗಿ, ನಿಮ್ಮ ಮೂರು ಪ್ರಶ್ನೆಗೂ ಬರುತ್ತೇನೆ. ಮೊದಲು ಆ ಏಟಿನ ಮಾತು ಮುಗಿಸೋಣ.

ಮಗಳ ಹತ್ತಿರ ಕ್ಷಮೆ ಕೇಳಿದಿರಾ? ಪತ್ರದಲ್ಲಿ ಆ ವಿಷಯ ಇಲ್ಲ. ಕೇಳಿಲ್ಲ ಅಂದರೆ ಇವತ್ತೇ ಕೇಳಿ. “ಅವತ್ತು ನಾನು ಹೊಡೆದದ್ದು ತಪ್ಪು. ನಿನಗೆ ನಿದ್ದೆ ಬಂದದ್ದು ತಪ್ಪಲ್ಲ.” ಇಷ್ಟು ಸಾಕು. “ಆದರೆ ನೀನೂ...” ಅಂತ ಬಾಲ ಸೇರಿಸಬೇಡಿ. ಪ್ರಾರ್ಥನೆ ಅಂದರೆ ಅಮ್ಮನಿಗೆ ಸಿಟ್ಟು ಬರುವ ಹೊತ್ತು ಅಂತ ಮಗುವಿನ ಮನಸ್ಸಿನಲ್ಲಿ ಕೂತುಬಿಟ್ಟರೆ ಆಮೇಲೆ ತೆಗೆಯುವುದು ಕಷ್ಟ. ನೀವು ತಿಂಗಳುಗಟ್ಟಲೆ ಅಸಹ್ಯಪಟ್ಟುಕೊಂಡರೆ ಅವಳಿಗೆ ಏನೂ ಸಿಗುವುದಿಲ್ಲ. ಆ ಎರಡು ಸಾಲು ಸಿಗುತ್ತದೆ.

ಇನ್ನು ಪತ್ರ. ನಾನು ಅದನ್ನು ಎರಡು ಸಲ ಓದಿದೆ. ನಿಮ್ಮ ಯಜಮಾನರು ಅದರಲ್ಲಿ ಒಂದೇ ಸಾಲಿನಲ್ಲಿ ಬಂದು ಹೋಗುತ್ತಾರೆ. ಪೀಣ್ಯ, ಶಿಫ್ಟ್, ಮುಗಿಯಿತು. ಮಗನ ವಿಷಯವೂ ಅಷ್ಟೇ, ಎಂಟನೇ ಕ್ಲಾಸ್. ಉಳಿದ ಪತ್ರವೆಲ್ಲ “ನಾನು”. ನೀವು ಕೇಳಿದ ಮೂರು ಪ್ರಶ್ನೆಯ ಕೆಳಗೆ ಕೇಳದೇ ಬಿಟ್ಟ ನಾಲ್ಕನೆಯದು ಒಂದಿದೆ ಅಂತ ನನಗೆ ಅನಿಸಿದ್ದು ಅದಕ್ಕೇ. ಈ ಮನೆಯಲ್ಲಿ ಎಲ್ಲಾನೂ ನಾನೊಬ್ಬಳೇ ಯಾಕೆ ನೆನಪಿಟ್ಟುಕೊಳ್ಳಬೇಕು?

ಕುಟುಂಬ ಸಲಹೆಯ ಕೆಲಸಕ್ಕೆ ಬಂದು ನನಗೆ ಇಪ್ಪತ್ತೆರಡು ವರ್ಷ ಆಯಿತು. ಚರ್ಚ್‌ನಲ್ಲಿ ಚುರುಕಾಗಿರುವ ಮನೆಗಳಿಂದ ಬರುವ ಹೆಂಗಸರು ಜಾಸ್ತಿ ಕೇಳುವುದು ಭಕ್ತಿಯ ಪ್ರಶ್ನೆಯನ್ನೇ. ಸುಸ್ತನ್ನು ಸುಸ್ತು ಅಂತ ಹೇಳೋಕೆ ಅವರಿಗೆ ನಾಚಿಕೆ. “ವಿಶ್ವಾಸ ತಣ್ಣಗಾಗಿದೆ” ಅಂತ ಹೇಳುತ್ತಾರೆ. ನಿಮ್ಮ ಲೆಕ್ಕದಲ್ಲೇ ನೀವು ಮಲಗುವುದು ಐದೂವರೆ ಗಂಟೆ. ದೊಡ್ಡವರಿಗೆ ಏಳು ಗಂಟೆಯಾದರೂ ನಿದ್ದೆ ಬೇಕು. ಐದೂವರೆ ಗಂಟೆ ಮಲಗಿದ ಯಾರಾದರೂ ಕತ್ತಲಲ್ಲಿ ಕಣ್ಣು ಮುಚ್ಚಿ ಮುಕ್ಕಾಲು ಗಂಟೆ ಕೂತರೆ ಒಂದೋ ನಿದ್ದೆ ಬರುತ್ತದೆ, ಇಲ್ಲ ಸಿಡಿಮಿಡಿ ಬರುತ್ತದೆ. ನಿಮ್ಮ ಮಗಳಿಗೆ ಮೊದಲನೆಯದು ಬಂತು. ನಿಮಗೆ ಎರಡನೆಯದು.

ಈಗ ಆ ಗುಣವತಿಯ ವಿಷಯ. ಆಕೆಯ ಹೆಸರು ಹೇಳಿಕೊಂಡು ಅತ್ತ ಎಷ್ಟು ಹೆಂಗಸರನ್ನು ನೋಡಿದ್ದೇನೋ! ಜ್ಞಾನೋಕ್ತಿ 31ನ್ನು ಮತ್ತೆ ತೆಗೆದು ನಿಧಾನಕ್ಕೆ ಓದಿ. ಹತ್ತನೇ ವಚನದಿಂದ ಕೊನೆಯವರೆಗೆ 22 ವಚನ. ಹೀಬ್ರೂ ಅಕ್ಷರಗಳೂ 22. ಮೂಲದಲ್ಲಿ ಒಂದೊಂದು ವಚನ ಒಂದೊಂದು ಅಕ್ಷರದಿಂದ ಸಾಲಾಗಿ ಶುರುವಾಗುತ್ತದೆ. ಅಂದರೆ ಇದು ನಮ್ಮ ಅಆಇಈ ಹಿಡಿದು ಕಟ್ಟಿದ ಹೊಗಳಿಕೆಯ ಪದ್ಯದಂಥದ್ದು. ಟೈಮ್‌ಟೇಬಲ್ ಅಂತ ಓದಿದರೆ ಎಡವಟ್ಟಾಗುತ್ತದೆ. 15ನೇ ವಚನದಲ್ಲಿ ಆಕೆ ಇನ್ನೂ ಕತ್ತಲಿರುವಾಗಲೇ ಏಳುತ್ತಾಳೆ. 18ರಲ್ಲಿ ಆಕೆಯ ದೀಪ ರಾತ್ರಿಯಲ್ಲೂ ಆರುವುದಿಲ್ಲ. ಎರಡನ್ನೂ ಒಂದೇ ದಿನಕ್ಕೆ ಹಾಕಿದರೆ ಆಯಮ್ಮ ಮಲಗಿದ್ದು ಯಾವಾಗ? ಅದೇ 15ನೇ ವಚನದಲ್ಲಿ ಇನ್ನೊಂದು ಸಂಗತಿ ಇದೆ, ಪ್ರಸಂಗದಲ್ಲಿ ಯಾರೂ ಜೋರಾಗಿ ಓದಲ್ಲ. ಆಕೆಗೆ ದಾಸಿಯರಿದ್ದರು. ಕೈಕೆಳಗೆ ಜನ ಇಟ್ಟುಕೊಂಡು ಮನೆ ನಡೆಸಿದವಳ ಜೊತೆ, ಬೈಯಪ್ಪನಹಳ್ಳಿಯಲ್ಲಿ ಮೆಟ್ರೊ ಹತ್ತಿ ಹೂಡಿಯಲ್ಲಿ ಇಳಿದು ಓಡುವ ನಿಮ್ಮನ್ನು ಹೋಲಿಸಿಕೊಳ್ಳುವುದು ಯಾವ ನ್ಯಾಯ?

ಮಾರ್ಥಳ ಕಥೆಯೂ ಹಾಗೇ. ಯೇಸು ಮನೆಗೆ ಬಂದಾಗ ತಂಗಿ ಮರಿಯ ಆತನ ಪಾದದ ಬಳಿ ಕೂತು ಕೇಳುತ್ತಿದ್ದಳು, ಮಾರ್ಥ ಒಬ್ಬಳೇ ಉಪಚಾರದ ಕೆಲಸ ಮಾಡುತ್ತಾ ದೂರಿದಳು. ಲೂಕ 10ನ್ನು ಹಿಡಿದುಕೊಂಡು “ಅಡುಗೆಮನೆ ಕೀಳು, ಪಾದದ ಬಳಿ ಕೂರುವುದು ಮೇಲು” ಅಂತ ಹೇಳುತ್ತಾರೆ. ಹೇಳಿದ ಮೇಲೆ ಅವರೇ ಮಧ್ಯಾಹ್ನ ಬಿರಿಯಾನಿಗೆ ಬರುತ್ತಾರೆ, ಅದು ಬೇರೆ ಮಾತು. ಯೋಹಾನ 11 ನೋಡಿ. “ನೀನೇ ಕ್ರಿಸ್ತನು, ದೇವರ ಮಗನು” ಅಂತ ಬಾಯಿಬಿಟ್ಟು ಹೇಳಿದವಳು ಇದೇ ಮಾರ್ಥ. 12ನೇ ಅಧ್ಯಾಯದಲ್ಲಿ ಆಕೆ ಮತ್ತೆ ಊಟ ಬಡಿಸುತ್ತಿದ್ದಾಳೆ. ಅಲ್ಲಿ ಯೇಸು ಆಕೆಗೆ ಒಂದು ಮಾತೂ ಅನ್ನುವುದಿಲ್ಲ. ಲೂಕನಲ್ಲಿ ಆಕೆಗೆ ಹೇಳಿದ್ದು, ನೀನು ಬಹಳ ವಿಷಯಗಳಿಗೆ ಚಿಂತೆ ಮಾಡಿ ಗಾಬರಿಯಾಗಿದ್ದೀಯ ಅಂತ. ಬೇನೆ ಇದ್ದದ್ದು ಆ “ಬಹಳ”ದಲ್ಲಿ ಅಂತ ನಾನು ಓದಿಕೊಳ್ಳುತ್ತೇನೆ.

ಇನ್ನೊಂದು ಕಟ್ಟುಕಥೆ ಇದೆ, ನಮ್ಮವರೇ ಹೇಳುವುದು. “ನಮ್ಮ ಅಜ್ಜಿಯರ ಕಾಲದಲ್ಲಿ ಮನೆ ಎಷ್ಟು ಸರಳವಾಗಿತ್ತು” ಅಂತ. ನನ್ನ ಅಜ್ಜಿ ತುಮಕೂರಿನ ಮಿಷನ್ ಕಾಂಪೌಂಡ್‌ನಲ್ಲಿದ್ದವರು. ಮನೆಯಲ್ಲಿ ಸಾಮಾನು ಕಡಿಮೆ ಇತ್ತು, ನಿಜ. ಆದರೆ ಅಲ್ಲಿ ಒಲೆ ಮುಂದೆ ಮೂವರು ಹೆಂಗಸರಿದ್ದರು, ಪಕ್ಕದ ಮನೆಯವರು ಮಗು ಎತ್ತಿಕೊಳ್ಳುತ್ತಿದ್ದರು, ಚರ್ಚ್ ಐವತ್ತು ಹೆಜ್ಜೆ ದೂರ. ಇಷ್ಟಿದ್ದೂ ಅಜ್ಜಿಗೆ ಸುಸ್ತಾಗಿತ್ತೋ ಇಲ್ಲವೋ ಯಾರೂ ಕೇಳಲಿಲ್ಲ. ಹಾಗಾಗಿ ಆ ಕಾಲವನ್ನು ಅಳತೆಗೋಲು ಮಾಡಿಕೊಳ್ಳಬೇಡಿ. ವಿಡಿಯೋದ ಗೃಹಿಣಿಯನ್ನೂ ಬೇಡ. ಆಕೆಗೆ ಕಾವೇರಿ ನೀರು ಬರುವ ದಿನ ಮೋಟಾರ್ ಹಾಕುವ ತಾಪತ್ರಯ ಇಲ್ಲ. ಮನೆಯನ್ನು ಚೊಕ್ಕವಾಗಿ ತೋರಿಸುವುದೇ ಆಕೆಯ ಉದ್ಯೋಗವೂ ಆಗಿರಬಹುದು. ಸರಳವಾಗಿರೋಕೆ ನಾವು ಮೊದಲು ಮಾಡುವ ಕೆಲಸ 6,400 ರೂಪಾಯಿ ಸಾಮಾನು ತರಿಸುವುದು, ತಮಾಷೆ ಅಲ್ವಾ? ಬೇಜಾರು ಮಾಡಿಕೊಳ್ಳಬೇಡಿ, ನಮ್ಮ ಮನೆಯಲ್ಲೂ ಅಂಥ ಒಂದು ಪ್ಲಾನರ್ ಇದೆ. ಜನವರಿ ಮಾತ್ರ ತುಂಬಿದೆ.

ಹಾಗಾದರೆ ನಿಜವಾದ ಕಾರಣ ಏನು? ನನ್ನ ಕೋಣೆಗೆ ಗಂಡ ಹೆಂಡತಿ ಬಂದಾಗ ಇಬ್ಬರಿಗೂ ಒಂದೊಂದು ಹಾಳೆ ಕೊಡುತ್ತೇನೆ. “ಈ ವಾರ ಮನೆ ನಡೆಯೋಕೆ ಏನೇನು ಆಗಬೇಕು, ಬರೀರಿ. ಒಬ್ಬರದು ಒಬ್ಬರು ನೋಡಬಾರದು.” ಸಾಮಾನ್ಯವಾಗಿ ಗಂಡನ ಹಾಳೆ ಅರ್ಧಕ್ಕೆ ನಿಲ್ಲುತ್ತದೆ. ಕರೆಂಟ್ ಬಿಲ್, ಸ್ಕೂಲ್ ಫೀಸ್, ಗಾಡಿ ಸರ್ವಿಸ್. ಹೆಂಡತಿ ಹಾಳೆ ತಿರುಗಿಸುತ್ತಾಳೆ. ಸಿಲಿಂಡರ್ ಬುಕ್ ಮಾಡಬೇಕು. ಅತ್ತೆಯ ಶುಗರ್ ಮಾತ್ರೆ ನಾಲ್ಕೇ ಉಳಿದಿದೆ. ದೋಸೆಗೆ ನೆನೆಹಾಕಬೇಕು. ಒಣ ಕಸ ಕೊಡುವ ದಿನ ಯಾವುದು. ಸಂಡೇ ಸ್ಕೂಲ್ ಮಕ್ಕಳಿಗೆ ಬಣ್ಣದ ಪೇಪರ್. ಶನಿವಾರ ಮದುವೆ ಇದೆ, ಕವರ್‌ಗೆ ಎಷ್ಟು ಹಾಕಬೇಕು. ಮಗನಿಗೆ ಶೂ ಚಿಕ್ಕದಾಗಿದೆ. ಒಬ್ಬ ಯಜಮಾನರು ಹೆಂಡತಿಯ ಹಾಳೆ ನೋಡಿ, “ಇದೆಲ್ಲ ತಾನಾಗೇ ಆಗ್ತಿತ್ತು ಅಂದ್ಕೊಂಡಿದ್ದೆ” ಅಂದರು. ಸುಳ್ಳು ಹೇಳಲಿಲ್ಲ ಪಾಪ. ಹಾಗೇ ಅಂದುಕೊಂಡಿದ್ದರು.

ಕೈಕೆಲಸಕ್ಕಿಂತ ಈ ನೆನಪಿನ ಹೊರೆ ಭಾರ. ಪಾತ್ರೆ ತೊಳೆದರೆ ಮುಗಿಯಿತು. ನೆನಪು ಮುಗಿಯುವುದಿಲ್ಲ. ಸುಮ್ನೆ ಕಣ್ಣು ಮುಚ್ಚಿದ ತಕ್ಷಣ ಮೇಲೆ ಬರುತ್ತದೆ. ಪ್ರಾರ್ಥನೆಯಲ್ಲಿ ನಿಮಗೆ ವಿಷಲ್ ಕೇಳಿಸುವುದು ಇದಕ್ಕೇ. ಇಡೀ ದಿನದಲ್ಲಿ ನೀವು ಸುಮ್ಮನೆ ಕೂರುವುದು ಅದೊಂದೇ ಹೊತ್ತು. ಕೈಕೆಲಸದ ಲೆಕ್ಕವಾದರೂ ಸಮವಾಗಿದೆಯಾ ಅಂದರೆ ಅದೂ ಇಲ್ಲ. ಕೇಂದ್ರ ಸರ್ಕಾರ 2019ರಲ್ಲಿ ನಡೆಸಿದ ಸಮಯ ಬಳಕೆ ಸಮೀಕ್ಷೆಯಲ್ಲಿ, ಸಂಬಳವಿಲ್ಲದ ಮನೆಗೆಲಸ ಮಾಡುವ ಹೆಂಗಸರು ಅದಕ್ಕೆ ದಿನಕ್ಕೆ ಸರಾಸರಿ 299 ನಿಮಿಷ ಕೊಡುತ್ತಿದ್ದರು. ಆ ಕೆಲಸಕ್ಕೆ ಕೈ ಹಾಕುವ ಗಂಡಸರು ಕೊಡುತ್ತಿದ್ದದ್ದು 97 ನಿಮಿಷ. ಇದು ಕೈಹಾಕುವ ಗಂಡಸರ ಲೆಕ್ಕ ಮಾತ್ರ. ಹಾಕದೇ ಇರುವವರು ಇದರಲ್ಲಿ ಇಲ್ಲವೇ ಇಲ್ಲ.

ಎರಡನೆಯ ಕಾರಣ ಚರ್ಚ್‌ನ ಕೆಲಸ ಬೆಳೆಯುವ ರೀತಿ. ಅಲ್ಲಿ ಕೂಡುವುದು ಗೊತ್ತು, ಕಳೆಯುವುದು ಗೊತ್ತಿಲ್ಲ. ಹೂಂ ಅಂದವರಿಗೇ ಮುಂದಿನ ಕೆಲಸ ಬರುತ್ತದೆ. ಹಾಡೋಕೆ ಬರುತ್ತೆ ಅಂತ ಕ್ವಾಯರ್‌ಗೆ ಸೇರಿದಿರಿ, ಅಕೌಂಟ್ಸ್ ಗೊತ್ತಿದೆ ಅಂತ ಮಹಿಳಾ ಸಂಘದ ಲೆಕ್ಕವೂ ನಿಮ್ಮ ಹತ್ತಿರವೇ ಇರಬಹುದು ಅಂತ ನನ್ನ ಊಹೆ. ಯಾರೂ ಕೆಟ್ಟವರಲ್ಲ. ನೀವು ಸುಸ್ತಾಗಿದ್ದೀರಿ ಅಂತ ಅವರಿಗೆ ಗೊತ್ತೇ ಇಲ್ಲ, ಭಾನುವಾರ ನಿಮ್ಮನ್ನು ನೋಡುವಾಗ ನೀವು ಇಸ್ತ್ರಿ ಮಾಡಿದ ಸೀರೆಯಲ್ಲಿ ನಗುತ್ತಾ ನಿಂತಿರುತ್ತೀರಿ.

ಏನು ಮಾಡಬಹುದು ಅನ್ನುವುದಕ್ಕೆ ಮುಂಚೆ ಒಂದು ಸಣ್ಣ ಕೆಲಸ. ರಕ್ತ ಪರೀಕ್ಷೆ ಮಾಡಿಸಿ. ಹಿಮೋಗ್ಲೋಬಿನ್, ಥೈರಾಯ್ಡ್, ಶುಗರ್. 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಲ್ಲಿ ದೇಶದ 15ರಿಂದ 49 ವಯಸ್ಸಿನ ಹೆಂಗಸರಲ್ಲಿ ನೂರಕ್ಕೆ 57 ಮಂದಿಗೆ ರಕ್ತಹೀನತೆ ಇತ್ತು. ಉಪವಾಸ ಪ್ರಾರ್ಥನೆ ಮಾಡಿ ವಿಶ್ವಾಸ ಬಲಪಡಿಸಿಕೊಳ್ಳೋಕೆ ಹೊರಟ ಒಬ್ಬಾಕೆಗೆ ಹಿಮೋಗ್ಲೋಬಿನ್ ಎಂಟು ಇದ್ದದ್ದನ್ನು ನಾನು ಕಂಡಿದ್ದೇನೆ. ಎರಡು ವಾರಕ್ಕಿಂತ ಹೆಚ್ಚು ದಿನ ಮಂಕು ಕವಿದ ಹಾಗಿದ್ದರೆ, ನಿದ್ದೆ ಬಾರದೇ ಹೋದರೆ, ಬದುಕೇ ಬೇಡ ಅನಿಸಿದರೆ, ಅದು ಮನೆಯ ಟೈಮ್‌ಟೇಬಲ್ ತಿದ್ದಿ ಸರಿಹೋಗುವಂಥದ್ದಲ್ಲ. ವೈದ್ಯರನ್ನು ನೋಡಿ. ಸರ್ಕಾರದ ಟೆಲಿ ಮಾನಸ್ ಸಹಾಯವಾಣಿ 14416ಕ್ಕೆ ಯಾವ ಹೊತ್ತಿನಲ್ಲಾದರೂ ಫೋನ್ ಮಾಡಬಹುದು. ದುಡ್ಡಿಲ್ಲ, ಕನ್ನಡದಲ್ಲೇ ಮಾತಾಡುತ್ತಾರೆ.

ಈಗ ಎಂಟೂವರೆಯ ಪ್ರಾರ್ಥನೆ. ಬಿಟ್ಟುಬಿಡಿ ಅಂತ ನಾನು ಹೇಳುವುದಿಲ್ಲ. ಯಾಕೆಂದರೆ ನಿಮ್ಮ ಅತ್ತೆಗೆ ಆ ಮುಕ್ಕಾಲು ಗಂಟೆ ಏನು ಅಂತ ಯೋಚಿಸಿ. ಇಡೀ ದಿನ ಮಂಡಿ ನೋವಿನಲ್ಲಿ ಒಬ್ಬರೇ ಮನೆಯಲ್ಲಿರುತ್ತಾರೆ. ಎಲ್ಲರೂ ತಮ್ಮ ಜೊತೆ ಕೂರುವುದು, ತಮ್ಮ ಮಾತಿಗೆ ಮನೆ ಸುಮ್ಮನಾಗುವುದು, ಗಂಡನ ನೆನಪು ಬರುವುದು, ಎಲ್ಲ ಆಗ ಮಾತ್ರ. ನೀವು ಹದಿನೈದು ನಿಮಿಷ ಸಾಕು ಅಂದರೆ ಅವರ ಕಿವಿಗೆ ಬೀಳುವುದು “ನಿಮ್ಮ ಜೊತೆ ಹದಿನೈದು ನಿಮಿಷ ಸಾಕು” ಅಂತ. ಮೊದಲು ಅವರ ಹತ್ತಿರ ಒಬ್ಬರೇ ಕೂತು ಮಾತಾಡಿ. ಸುಸ್ತಿನ ವಿಷಯ ಮುಚ್ಚಿಡಬೇಡಿ, ಮಗಳಿಗೆ ಹೊಡೆದದ್ದನ್ನೂ ಹೇಳಿ. “ಅತ್ತೆ, ಹೀಗೆ ಮುಂದುವರಿದರೆ ಮಕ್ಕಳಿಗೆ ಪ್ರಾರ್ಥನೆ ಅಂದ್ರೆ ಬೇಜಾರು ಹುಟ್ಟುತ್ತೆ. ನೀವೇ ಒಂದು ದಾರಿ ಹೇಳಿ” ಅಂತ ಕೇಳಿ. ಹೇಳುವ ಸ್ಥಾನದಲ್ಲಿ ಅವರೇ ಇರಲಿ.

ನಾನು ಬೇರೆ ಮನೆಗಳಲ್ಲಿ ಮಾಡಿಸಿ ನೋಡಿದ್ದು ಹೀಗೆ. ವಾರದ ದಿನ ಊಟಕ್ಕೆ ಮುಂಚೆ, ಏಳೂಮುಕ್ಕಾಲಿಗೇ ಪ್ರಾರ್ಥನೆ. ಆ ಹೊತ್ತಿಗೆ ಒಲೆ ಆರಿಸಿರಬೇಕು. ಇದು ಮುಖ್ಯ, ಕುಕ್ಕರ್ ಇಟ್ಟು ಕೂರಬಾರದು. ಸಾರು ಹತ್ತು ನಿಮಿಷ ತಡವಾದರೆ ಯಾರೂ ಸಾಯಲ್ಲ. ಒಂದು ಹಾಡಿನ ಎರಡು ಚರಣ, ಮಕ್ಕಳು ಆರಿಸಿದ್ದು. ಬೈಬಲ್‌ನಿಂದ ಒಂದು ಸಣ್ಣ ಕೀರ್ತನೆ ಓದುವುದು. ಒಬ್ಬರೇ ಪ್ರಾರ್ಥಿಸುವುದು, ಅದು ಅತ್ತೆಯೇ. ಹನ್ನೆರಡು ನಿಮಿಷದಲ್ಲಿ ಮುಗಿಯುತ್ತದೆ. ಮಾವನ ಕಾಲದ ಪೂರ್ತಿ ಪ್ರಾರ್ಥನೆ ಭಾನುವಾರ ಸಂಜೆಗೆ ಇರಲಿ, ಆಗ ಯಜಮಾನರೂ ಸಿಗಬಹುದು. ಇದರಲ್ಲಿ ಅಪಾಯ ಇಲ್ಲದೇ ಇಲ್ಲ. ಹನ್ನೆರಡು ನಿಮಿಷ ಮೆಲ್ಲಗೆ ಆರಾಗಿ, ಆಮೇಲೆ ವಾರಕ್ಕೆ ಮೂರು ದಿನವಾಗಿ, ಕೊನೆಗೆ ನಿಂತೇ ಹೋದ ಮನೆಗಳೂ ಇವೆ. ಅದನ್ನು ಕಾಯುವ ಕೆಲಸ ನಿಮ್ಮ ಮಗನಿಗೆ ಕೊಡಿ. ಎಂಟನೇ ಕ್ಲಾಸ್ ಹುಡುಗನಿಗೆ “ಏಳೂಮುಕ್ಕಾಲಿಗೆ ಎಲ್ಲರನ್ನೂ ಕರೆಯೋದು ನಿನ್ನ ಜವಾಬ್ದಾರಿ” ಅಂದರೆ ಮಾಡುತ್ತಾನೆ. ಅಮ್ಮನ ಮೇಲೆ ಗದರುವ ಅವಕಾಶ ಯಾವ ಮಗ ಬಿಡುತ್ತಾನೆ?

ಮಕ್ಕಳಿಗೆ ಬೇರೆಯಾಗಿ ಹೊತ್ತು ಬೇಕು ಅನಿಸಿದರೆ ಹಳೆಯ ಒಂದು ದಾರಿ ಇದೆ. ಇಂಗ್ಲೆಂಡಿನಲ್ಲಿ ಮೆಥಡಿಸ್ಟ್ ಪಂಥ ಶುರು ಮಾಡಿದ ಜಾನ್ ವೆಸ್ಲಿಯ ತಾಯಿ ಸುಸಾನ ವೆಸ್ಲಿ ಹೆತ್ತದ್ದು 19 ಮಕ್ಕಳನ್ನು. ಬಹಳಷ್ಟು ಮಕ್ಕಳು ಎಳವೆಯಲ್ಲೇ ತೀರಿಕೊಂಡರು. ಗಂಡ ಆಗಾಗ ಊರಲ್ಲಿ ಇರುತ್ತಿರಲಿಲ್ಲ, ಕೈಯಲ್ಲಿ ಕಾಸಿರಲಿಲ್ಲ. ಆಕೆ 1712ರಲ್ಲಿ ಬರೆದ ಒಂದು ಪತ್ರದಲ್ಲಿ ತನ್ನ ಏರ್ಪಾಟು ಹೇಳಿದ್ದಾಳೆ. ದಿನಾ ಸಂಜೆ ಒಂದು ಮಗುವಿನ ಜೊತೆ ಬೇರೆಯಾಗಿ ಮಾತು. ಸೋಮವಾರ ಒಬ್ಬಳು, ಮಂಗಳವಾರ ಇನ್ನೊಬ್ಬಳು. ಜಾನ್‌ನದು ಗುರುವಾರ. ಎಲ್ಲರಿಗೂ ಎಲ್ಲಾ ದಿನ ಕೊಡಲು ಆಕೆ ಹೋಗಲಿಲ್ಲ. ನಿಮಗಿರುವುದು ಇಬ್ಬರು. ಮಗಳಿಗೆ ಮಂಗಳವಾರ, ಮಗನಿಗೆ ಗುರುವಾರ, ಇಪ್ಪತ್ತು ನಿಮಿಷ, ಫೋನ್ ಇಲ್ಲದೆ. ಟೆರೇಸ್ ಮೇಲೆ ಬಟ್ಟೆ ಮಡಚುತ್ತಾ ಮಾತಾಡಿದರೂ ಆಯಿತು.

ಯಜಮಾನರ ಭಾಗ ಕಷ್ಟದ್ದು. ನೀವು “ಸ್ವಲ್ಪ ಹೆಲ್ಪ್ ಮಾಡಿ” ಅಂತ ಕೇಳಿದರೆ ಅವರು ಮಾಡಿಯಾರು, ನೀವು ನೆನಪಿಸಿದಾಗ. ಅಲ್ಲಿಗೆ ಹೊರೆ ನಿಮ್ಮ ತಲೆಯಲ್ಲೇ ಉಳಿಯಿತು. ಕೆಲಸವನ್ನು ಬೇರುಸಮೇತ ಕೊಡಬೇಕು. ಅತ್ತೆಯ ಔಷಧಿ ಅಂದರೆ ಮಾತ್ರೆ ಮುಗಿಯುತ್ತಿದೆ ಅಂತ ನೋಡುವುದು, ತರುವುದು, ಡಾಕ್ಟರ್ ದಿನ ನೆನಪಿಡುವುದು, ಕರೆದುಕೊಂಡು ಹೋಗುವುದು, ಎಲ್ಲಾ ಅವರದು. ಅವರ ತಾಯಿ ತಾನೇ? ನೀರು, ಗ್ಯಾಸ್, ಕಸ, ಇವೂ ಶಿಫ್ಟ್‌ಗೆ ಹೊಂದುವ ಕೆಲಸಗಳು. ಶುರುವಿನ ಮೂರು ನಾಲ್ಕು ವಾರ ತಪ್ಪಾಗುತ್ತದೆ. ಒಂದು ದಿನ ಸಂಪ್ ಖಾಲಿ, ಒಂದು ದಿನ ಹಸಿ ಕಸ ಮನೆಯಲ್ಲೇ ಉಳಿದು ವಾಸನೆ. ಆಗ ನೀವು “ಬಿಡಿ, ನಾನೇ ಮಾಡ್ತೀನಿ” ಅಂದರೆ ಮತ್ತೆ ಐದು ವರ್ಷ ನಿಮ್ಮದೇ. ಔಷಧಿ ವಿಷಯದಲ್ಲಿ ಮಾತ್ರ ತಪ್ಪಿಗೆ ಜಾಗ ಇಲ್ಲ. ಅದಕ್ಕೆ ಹದಿನೈದು ದಿನದ ಮಾತ್ರೆ ಹೆಚ್ಚಿಗೆ ತಂದಿಟ್ಟು ಆಮೇಲೆ ವಹಿಸಿಕೊಡಿ.

ಅವರು “ಇದು ಹೆಂಗಸರ ಕೆಲಸ” ಅಂದರೆ, ಅಥವಾ ಅತ್ತೆ ಅಂದರೆ, ಜಗಳ ಬೇಡ, ಬೈಬಲ್ ತೆಗೆಯಿರಿ. ಅಪೊಸ್ತಲರ ಕೃತ್ಯಗಳು 6. ಮೊದಲ ಸಭೆಯಲ್ಲಿ ವಿಧವೆಯರಿಗೆ ಊಟ ಹಂಚುವುದರಲ್ಲಿ ಏರುಪೇರಾಗಿ ಗೊಣಗಾಟ ಎದ್ದಾಗ ಆ ಕೆಲಸಕ್ಕೆ ಆರಿಸಿದ್ದು ಏಳು ಜನ ಗಂಡಸರನ್ನು. ಅವರಲ್ಲಿ ಸ್ತೆಫನನೂ ಒಬ್ಬ. ವಿಮೋಚನಕಾಂಡ 18 ಇನ್ನೂ ಚೆನ್ನಾಗಿದೆ. ಮೋಶೆ ಬೆಳಗಿನಿಂದ ಸಂಜೆಯವರೆಗೆ ಒಬ್ಬನೇ ಕೂತು ಜನರ ವ್ಯಾಜ್ಯ ಕೇಳುತ್ತಿರುತ್ತಾನೆ. ನೀನೂ ಬಳಲುತ್ತೀಯ, ಜನರೂ ಬಳಲುತ್ತಾರೆ, ಇದು ಒಬ್ಬನಿಂದ ಆಗುವ ಕೆಲಸವಲ್ಲ ಅಂತ ಬುದ್ಧಿ ಹೇಳಿದವನು ಇತ್ರೋನ. ಮೋಶೆಯ ಮಾವ! ಅತ್ತೆಯ ಮುಂದೆ ಓದಲು ಇದಕ್ಕಿಂತ ಒಳ್ಳೆಯ ಭಾಗ ನನಗೆ ಗೊತ್ತಿಲ್ಲ.

ಚರ್ಚ್‌ನಲ್ಲಿ ಮೂರು ಜವಾಬ್ದಾರಿ ಇವೆ. ಒಂದು ಇಟ್ಟುಕೊಳ್ಳಿ. ಯಾವುದು ಅಂತ ನಾನು ಹೇಳಲಾರೆ. ಆದರೆ ಯಾವುದು ಮುಗಿಸಿ ಮನೆಗೆ ಬಂದಾಗ ನಿಮಗೆ ಹಗುರ ಅನಿಸುತ್ತದೋ ಅದು. ಕ್ವಾಯರ್ ಇರಬಹುದೇನೋ ಅಂತ ನನ್ನ ಊಹೆ. ಬಿಡುವುದನ್ನು ವಾಟ್ಸಾಪ್ ಗುಂಪಿನಲ್ಲಿ ಹೇಳಬೇಡಿ. ಸಭಾಪಾಲಕರನ್ನು ನೇರವಾಗಿ ಕಂಡು, ಯಾವ ತಿಂಗಳವರೆಗೆ ಮಾಡುತ್ತೀರಿ ಅಂತ ದಿನಾಂಕ ಕೊಟ್ಟು, ಸಂಡೇ ಸ್ಕೂಲ್‌ಗೆ ನಿಮ್ಮ ಜಾಗಕ್ಕೆ ಬರುವವರಿಗೆ ಒಂದು ತಿಂಗಳು ಜೊತೆ ನಿಂತು ಕಲಿಸಿ ಬನ್ನಿ. ಮಾತು ಬರುತ್ತದೆ. “ಹಿಂಜಾರಿದ್ದಾಳೆ” ಅಂತ ಒಬ್ಬರಾದರೂ ಅಂದೇ ಅನ್ನುತ್ತಾರೆ. ನಾನು ಒಂದು ಕಾಲದಲ್ಲಿ ಮೂರು ಕಮಿಟಿಯಲ್ಲಿದ್ದವಳು. ಎರಡನ್ನು ಬಿಟ್ಟಾಗ ಚರ್ಚ್‌ನ ಸುಗ್ಗಿ ಹಬ್ಬದ ಹರಾಜಿನ ದಿನ ಒಬ್ಬ ಹಿರಿಯ ಹೆಂಗಸು ನನ್ನ ಮುಖ ನೋಡದೆ ಹೋದರು. ನೋವಾಯಿತು. ಒಂದೂವರೆ ವರ್ಷ ಬೇಕಾಯಿತು ಅವರು ಮತ್ತೆ ಮಾತಾಡೋಕೆ.

ಪೂರ್ತಿ ಹಿಂದೆ ಸರಿಯುವುದೂ ತಪ್ಪು ಅಂತ ನನ್ನ ಅಭಿಪ್ರಾಯ. ಬೆಂಗಳೂರಿನಲ್ಲಿ ನಮ್ಮಂಥವರಿಗೆ ಸಭೆಯೇ ಊರು. ಮಧ್ಯರಾತ್ರಿ ಅತ್ತೆಗೆ ಶುಗರ್ ಇಳಿದರೆ ಕಾರು ತೆಗೆದುಕೊಂಡು ಬರುವವರು ಅಲ್ಲಿಯವರೇ. ಆ ನಂಟು ಕಡಿದರೆ ಹೊರೆ ಇನ್ನೂ ಹೆಚ್ಚುತ್ತದೆ.

ಭಾನುವಾರದ ಊಟಕ್ಕೆ ನನ್ನದು ಸ್ವಲ್ಪ ಗಟ್ಟಿ ಮಾತು. ಅತಿಥಿ ಸತ್ಕಾರ ಬೇರೆ, ಹಬ್ಬದೂಟ ಬೇರೆ. ಯಾರಾದರೂ ಬಂದಾಗಲೆಲ್ಲ ಬಿರಿಯಾನಿ, ಚಾಪ್ಸ್, ಪಾಯಸ ಆಗಬೇಕು ಅಂತ ಎಲ್ಲೂ ಬರೆದಿಲ್ಲ. ಅನ್ನ, ಒಂದು ಚಿಕನ್ ಸಾರು, ಸೌತೆಕಾಯಿ ಹೆಚ್ಚಿದ್ದು. ಸಾರು ಶನಿವಾರವೇ ಮಾಡಿಟ್ಟರೆ ಮರುದಿನ ರುಚಿ ಜಾಸ್ತಿ. ತಿಂಗಳಲ್ಲಿ ಒಂದು ಭಾನುವಾರ ಯಾರನ್ನೂ ಕರೆಯಬೇಡಿ, ಹೋಟೆಲ್ ಇಡ್ಲಿ ತಂದು ತಿಂದು ಮಧ್ಯಾಹ್ನ ಮಲಗಿ. ಮೊದಲ ಸಲ ಅತಿಥಿಗಳಿಗೆ ಒಂದೇ ಸಾರು ಬಡಿಸುವಾಗ ನಿಮಗೇ ಕೈ ನಡುಗುತ್ತದೆ. ಅವರು ತಿಂದು ಏಳುತ್ತಾರೆ, ಅಷ್ಟೇ.

ಕೈಯಲ್ಲಿ ದುಡ್ಡಿದ್ದರೆ ಬೆಳಗಿನ ಅಡುಗೆಗೋ ಪಾತ್ರೆ ಬಟ್ಟೆಗೋ ಒಬ್ಬರನ್ನು ಇಟ್ಟುಕೊಳ್ಳುವುದು ಒಳ್ಳೆಯದೇ. ಇದರಲ್ಲಿ ನಾಚಿಕೆ ಬೇಡ, ಗುಣವತಿಯೇ ಇಟ್ಟುಕೊಂಡಿದ್ದಳಲ್ಲ. ಆದರೆ ನಿಮ್ಮ ಸುಸ್ತನ್ನು ಇನ್ನೊಬ್ಬ ಹೆಂಗಸಿನ ತಲೆಗೆ ದಾಟಿಸಿ ಕೈ ತೊಳೆದುಕೊಳ್ಳಬೇಡಿ. ಧರ್ಮೋಪದೇಶಕಾಂಡ 5ರಲ್ಲಿ ಸಬ್ಬತ್ತಿನ, ಅಂದರೆ ವಾರದ ವಿಶ್ರಾಂತಿ ದಿನದ, ಆಜ್ಞೆ ನಿನ್ನ ದಾಸ ದಾಸಿಯರೂ ನಿನ್ನ ಹಾಗೇ ವಿಶ್ರಾಂತಿ ಪಡೆಯಬೇಕು ಅಂತ ಬಿಡಿಸಿ ಹೇಳುತ್ತದೆ. ವಾರಕ್ಕೊಂದು ರಜೆ, ಸಂಬಳ ಕಡಿಯದೆ. ಭಾನುವಾರವೇ ಆದರೆ ಒಳ್ಳೆಯದು. ಅಡ್ಡಿ ಏನೆಂದರೆ, ಅತ್ತೆಗೂ ಕೆಲಸದವರಿಗೂ ಹೊಂದದೆ ಮೂರು ತಿಂಗಳಿಗೊಬ್ಬರು ಬದಲಾದರೆ ಕಲಿಸುವ ಕೆಲಸ ನಿಮಗೇ ಬೀಳುತ್ತದೆ. ಕಲಿಸುವುದನ್ನು ಅತ್ತೆಗೇ ವಹಿಸಿ ನೋಡಿ. ಕೂತಲ್ಲೇ ಹೇಳಿಕೊಡಬಹುದು.

ಇನ್ನು ಕೆಲಸ ಬಿಡುವ ಪ್ರಶ್ನೆ. ಈಗ ತೀರ್ಮಾನ ಮಾಡಬೇಡಿ. ಮೇಲಿನದೆಲ್ಲ ಆರು ತಿಂಗಳು ನಡೆಸಿದ ಮೇಲೆ ಯೋಚಿಸಿ. ಸುಸ್ತಾಗಿ ಕೆಲಸ ಬಿಟ್ಟು ಬಂದವರಲ್ಲಿ ನಾನು ಪದೇ ಪದೇ ಕಂಡದ್ದು ಒಂದೇ. ಬಿಡುವಾದ ಹೊತ್ತು ಅವರ ಕೈಗೆ ಬರಲಿಲ್ಲ. “ಈಗ ಮನೆಯಲ್ಲೇ ಇದ್ದೀರಲ್ಲ” ಅಂತ ಚರ್ಚ್‌ನವರು, ನೆಂಟರು, ಮಕ್ಕಳ ಸ್ಕೂಲ್‌ನವರು ಹಂಚಿಕೊಂಡರು. ಹೊರೆ ಹಂಚದೆ ಕೆಲಸ ಬಿಟ್ಟರೆ ಸಂಬಳ ಹೋಗುತ್ತದೆ, ಹೊರೆ ಉಳಿಯುತ್ತದೆ. ಶಿಫ್ಟ್ ಕೆಲಸದ ಮನೆಯಲ್ಲಿ ಎರಡನೇ ಸಂಬಳ, ಪಿಎಫ್, ಇನ್ಶೂರೆನ್ಸ್ ಸಣ್ಣ ಮಾತಲ್ಲ, ಶುಗರ್ ಇರುವ ಹಿರಿಯರು ಮನೆಯಲ್ಲಿದ್ದಾಗ ಇನ್ನೂ ಅಲ್ಲ. ವಾರಕ್ಕೆರಡು ದಿನ ಮನೆಯಿಂದಲೇ ಕೆಲಸ ಮಾಡಲು ಬಿಡುತ್ತಾರಾ ಅಂತ ಕಂಪನಿಯಲ್ಲಿ ಕೇಳಿ ನೋಡಿ. ಬಿಟ್ಟರೆ ಓಡಾಟದ ಆ ಹೊತ್ತನ್ನು ನಿದ್ದೆಗೆ ಕೊಡಿ. ಅಡುಗೆಗೆ ಕೊಡಬೇಡಿ.

ಎಲ್ಲವನ್ನೂ ಒಂದೇ ಸೋಮವಾರ ಶುರು ಮಾಡಿದರೆ ಪ್ಲಾನರ್ ಗತಿಯೇ ಆಗುತ್ತದೆ. ನಾನಾದರೆ ಮೊದಲು ಮಗಳ ಕ್ಷಮೆ, ಆ ವಾರವೇ ರಕ್ತ ಪರೀಕ್ಷೆ. ಆಮೇಲೆ ಅತ್ತೆಯ ಜೊತೆ ಮಾತು, ಪ್ರಾರ್ಥನೆಯ ಹೊತ್ತು. ಅದು ಕೂತ ಮೇಲೆ ಯಜಮಾನರ ಜೊತೆ ಹಾಳೆ ಬರೆಯುವ ಕೆಲಸ, ಇಬ್ಬರಿಗೂ ರಜೆ ಇರುವ ದಿನ. ಚರ್ಚ್‌ನ ಮಾತು ಕೊನೆಗೆ. ಡಿಸೆಂಬರ್ ಹತ್ತಿರವಿದ್ದರೆ ಅದನ್ನು ಜನವರಿಗೆ ತಳ್ಳಿ. ಕ್ಯಾರಲ್ಸ್ ಗುಂಪು ರಾತ್ರಿ ಹನ್ನೊಂದಕ್ಕೆ ಬಾಗಿಲು ತಟ್ಟುವ ತಿಂಗಳಲ್ಲಿ ಯಾರ ಕಿವಿಗೂ ಏನೂ ಬೀಳುವುದಿಲ್ಲ.

ಕ್ರಿಸ್ಮಸ್ ತಟ್ಟೆಯ ವಿಷಯವೂ ಆಗಲೇ ನೋಡಿಕೊಳ್ಳಿ. ದೀಪಾವಳಿಗೆ, ಸಂಕ್ರಾಂತಿಗೆ ಅಕ್ಕಪಕ್ಕದವರು ತಂದುಕೊಟ್ಟಿದ್ದಾರೆ, ನಾವೂ ಕೊಡಬೇಕು, ಒಪ್ಪುತ್ತೇನೆ. ಆದರೆ ತಟ್ಟೆಯಲ್ಲಿ ಏಳು ಬಗೆ ಇರಬೇಕಿಲ್ಲ. ಎಣ್ಣೆಯಲ್ಲಿ ಕರಿಯುವ ಸಿಹಿ ತಿಂಡಿ ಕಲ್‌ಕಲ್ ಒಂದನ್ನು ಎಲ್ಲರೂ ಕೂತು ಮಾಡಿ, ಫೋರ್ಕ್ ಮೇಲೆ ಸುರುಳಿ ಸುತ್ತುವುದು ಎಂಟು ವರ್ಷದವಳಿಗೆ ಚೆನ್ನಾಗಿ ಬರುತ್ತದೆ. ಕೇಕ್ ಬೇಕರಿಯಿಂದ ತನ್ನಿ. ಆ ಡಬ್ಬಿಗಳನ್ನು ಮಾತ್ರ ಯಾರಿಗೂ ಕೊಟ್ಟುಬಿಡಬೇಡಿ. ಮುಚ್ಚಳ ಬಿಗಿಯಾಗಿದ್ದರೆ ಕಲ್‌ಕಲ್ ಹದಿನೈದು ದಿನ ಗರಿಗರಿಯಾಗಿರುತ್ತದೆ.